ಫಿಲಿಪ್ ಹೆನ್ರಿ ಗಾಸ್

ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನೂ ಜಲಸಸ್ಯಗಳನ್ನೂ ಕೂಡಿಸಿ ಸಾಕುವ ವಿದ್ಯೆಯು ಈಗ ಅನೇಕರ ಮನೆಗಳನ್ನು ಸೇರಿದೆ. ಅದನ್ನು ಜನಸಾಮಾನ್ಯರ ಕೈಗೆ ತಲುಪಿಸಿದವರಲ್ಲಿ ಮುಖ್ಯರಾದ ಗಾಸ್ ಮಹಾಶಯರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯಿತಂದೆಗಳಿಗೂ ಸಂಕ್ಷೇಪವಾಗಿ ಅರಿಕೆಮಾಡುತ್ತೇವೆ.

ಇವರು 1810ನೆಯ ಇಸವಿಯಲ್ಲಿ ಇಂಗ್ಲೆಂಡಿನ ವುಸ್ಟರ್ ನಗರದಲ್ಲಿ ಜನಿಸಿದರು. ತಂದೆಯವರು ಊರೂರು ಅಲೆದು ಚಿಕ್ಕ ಭಾವಚಿತ್ರಗಳನ್ನು ಬರೆದು ಜೀವಿಸುತ್ತಿದ್ದ ಬಡ ಚಿತ್ರಗಾರರು. ಗಾಸರು 1827ರಲ್ಲಿ ಗುಮಾಸ್ತೆಯ ಕೆಲಸಕ್ಕಾಗಿ ಸಮುದ್ರ ದಾಟಿ ನ್ಯೂಫೌಂಡ್‌ಲೆಂಡಿಗೆ ಹೋದರು. ಅಲ್ಲಿ ಬಿಡುವು ದೊರೆತಾಗಲೆಲ್ಲ ಕೀಟಗಳನ್ನು ಹಿಡಿದು ನೋಡಿ, ಚಿತ್ರ ಬರೆದು, ತಾವೇ ತಮಗೆ ಗುರುಗಳಾದರು. ಯಾವ ಕಾಲೇಜಿನ ಪದವಿಯೂ ಇಲ್ಲದ ಇವರನ್ನು 1856ರಲ್ಲಿ ರಾಯಲ್ ಸೊಸೈಟಿಯು ಸದಸ್ಯರನ್ನಾಗಿ ಆರಿಸಿಕೊಂಡಿತು. ಸುವಾರ್ತೆಯನ್ನು ಸಾರುವುದೂ ಸೃಷ್ಟಿಯನ್ನು ಪರೀಕ್ಷಿಸುವುದೂ ಅವರಿಗೆ ಒಂದೇ ಸೇವೆಯಾಗಿದ್ದಿತು.

1852ರಲ್ಲಿ ದೇಹಾಲಸ್ಯದ ನಿಮಿತ್ತ ಪತ್ನಿ ಎಮಿಲಿಯಮ್ಮನವರೊಡನೆ ಡೆವನ್ ಸೀಮೆಯ ಕಡಲತೀರಕ್ಕೆ ಬಂದರು. ಪಾತ್ರೆಯಲ್ಲಿಟ್ಟ ಜಲಪ್ರಾಣಿಗಳು ಕೆಲವೇ ದಿನಗಳಲ್ಲಿ ಸಾಯುತ್ತಿದ್ದ ಕಾಲವದು. ಪ್ರಾಣಿಯು ನೀರಿನಲ್ಲಿ ಬೆರೆತ ಆಮ್ಲಜನಕವನ್ನು ಉಸಿರಾಡಿ ಇಂಗಾಲಾಮ್ಲ ವಾಯುವನ್ನು ಬಿಡುತ್ತದೆ. ಹಸುರುಗಿಡವು ಬಿಸಿಲಿನಲ್ಲಿ ಈ ವಾಯುವನ್ನು ಹೀರಿ ಆಮ್ಲಜನಕವನ್ನು ಹಿಂದಕ್ಕೆ ಕೊಡುತ್ತದೆ. ಕೆರೆಯ ಹೈಡ್ರಿಲ್ಲ ಗಿಡದಿಂದ ಗುಳ್ಳೆಗಳೇಳುವುದನ್ನು ಶಾಲೆಯ ಕಿಟಕಿಯ ಬಳಿ ಎಣಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ನರು ಹೊಂಬಣ್ಣದ ಮೀನು, ವ್ಯಾಲಿಸ್ನೇರಿಯ ಎಂಬ ನೀರುಗಿಡ, ಕೊಳೆತ ಎಲೆಯನ್ನು ತಿನ್ನುವ ಬಸವನಹುಳು, ಈ ಮೂರನ್ನು ಕೂಡಿಸಿ ಸಿಹಿನೀರಿನಲ್ಲಿ ಸಮತೂಕವನ್ನು ಸಾಧಿಸಿ 1850ರಲ್ಲಿ ಪ್ರಕಟಿಸಿದ್ದರು. ಗಾಸರು ಉಪ್ಪುನೀರಿನಲ್ಲಿ ಈ ಸಾಧನೆಗೆ ತೊಡಗಿದರು.

ಕಡಲಪಾಚಿಗೆ ಬೇರಿಲ್ಲ, ಅದು ಬಂಡೆಗೆ ಕಚ್ಚಿಕೊಂಡಿರುತ್ತದೆ. ಕಿತ್ತು ತಂದರೆ ಬಾಳದೆಂದು ಗಾಸರು ಉಳಿ ಸುತ್ತಿಗೆಗಳಿಂದ ಕಲ್ಲಿನ ಚಕ್ಕೆಸಹಿತ ಬಿಡಿಸಿ ತರುತ್ತಿದ್ದರು. ದೊಡ್ಡ ಕಂದುಪಾಚಿಗಳು ಲೋಳೆಗಟ್ಟಿ ನೀರನ್ನು ಕೆಡಿಸುವುವು. ತೆಳುವಾದ ಹಸುರುಪಾಚಿಗಳೇ ಉತ್ತಮ. ಕಡಲಿನಿಂದ ದೂರವಿರುವವರಿಗಾಗಿ ಸಮುದ್ರದ ನೀರನ್ನೇ ಮನೆಯಲ್ಲಿ ಮಾಡುವ ಕ್ರಮವನ್ನೂ ಕಂಡರು. ನಾಲ್ಕು ಕ್ವಾರ್ಟಿಗೆ ತುಸು ಕಡಿಮೆ ನೀರಿಗೆ ಅಡಿಗೆಯ ಉಪ್ಪು 3½ ಔನ್ಸು, ಎಪ್ಸಂ ಉಪ್ಪು ¼ ಔನ್ಸು, ಜೊತೆಗೆ ಸ್ವಲ್ಪವಾಗಿ ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡುಗಳು. ಮೊದಲು ಪಾಚಿಯನ್ನಿಟ್ಟು, ಕೆಲವು ದಿನ ಕಾದು, ಆಮೇಲೆ ಪ್ರಾಣಿಗಳನ್ನು ಬಿಡುತ್ತಿದ್ದರು. ಈ ತಾಳ್ಮೆಯಿಲ್ಲದೆ ತೊಟ್ಟಿ ಕೊಂಡ ದಿನವೇ ಮೀನು ತುಂಬುವವರನ್ನು ನಾವು ಈಗಲೂ ಕಾಣುತ್ತೇವೆ.

1853ರಲ್ಲಿ ಲಂಡನ್ನಿನ ಮೃಗಶಾಲೆಯಲ್ಲಿ ಮತ್ಸ್ಯಗೃಹವು ತೆರೆದಾಗ ಗಾಸರು ತಂದ ಜೀವಿಗಳು ಅದರೊಳಗಿದ್ದವು. ಮರುವರ್ಷ ಹೊರಬಂದ ಅವರ ಗ್ರಂಥದಿಂದ ಅಕ್ವೇರಿಯಂ ಎಂಬ ಹೆಸರು ಮನೆಮಾತಾಯಿತು.

ಎಮಿಲಿಯಮ್ಮನವರು 1857ರಲ್ಲಿ ಸ್ತನದ ಅರ್ಬುದರೋಗದಿಂದ ಬಹಳ ನೊಂದು ಪ್ರಭುವಿನಲ್ಲಿ ನಿದ್ರೆಹೋದರು. ಏಳು ವರ್ಷದ ಮಗ ಎಡ್ಮಂಡನು ತಂದೆಯೊಡನೆ ಉಳಿದನು. ಸೃಷ್ಟಿಯ ವೃತ್ತಾಂತವನ್ನೂ ಭೂಗರ್ಭಶಾಸ್ತ್ರವನ್ನೂ ಹೊಂದಿಸಲು ಅದೇ ವರ್ಷ ಬರೆದ ಪುಸ್ತಕವನ್ನು ಪಂಡಿತರೂ ಒಪ್ಪಲಿಲ್ಲ, ವಿಶ್ವಾಸಿಗಳೂ ಒಪ್ಪಲಿಲ್ಲ.

ಇದಕ್ಕಿಂತ ಬೇರೆ ತೆರನಾದ ವ್ಯಥೆಯೂ ಕಾದಿತ್ತು. ಗಾಸರ ಗ್ರಂಥಗಳನ್ನು ಓದಿದ ಜನರು ಉಳಿ ಸುತ್ತಿಗೆಗಳನ್ನು ಹಿಡಿದು ತಂಡತಂಡವಾಗಿ ಕಡಲತೀರಕ್ಕೆ ನುಗ್ಗಿದರು. ಕಡಲಹೂವೆಂಬ ಪ್ರಾಣಿಗಳೂ ಕೆಂಪು ಹಸುರು ಪಾಚಿಗಳೂ ತುಂಬಿದ್ದ ಬಂಡೆಗೊಳಗಳು ಬರಿದಾದವು. ತಮ್ಮ ಬರಹವೇ ಈ ಹಾನಿಗೆ ದಾರಿಯಾಯಿತೆಂದು ಗಾಸರು ಬಹಳವಾಗಿ ಮರುಗಿದರು. 1888ರಲ್ಲಿ ಅವರು ತೀರಿಕೊಂಡರು. ತಾನು ಬಾಲ್ಯದಲ್ಲಿ ತಂದೆಯೊಡನೆ ಬಗ್ಗಿ ನೋಡಿದ ಆ ಕೊಳಗಳನ್ನು ಇನ್ನಾರೂ ಕಾಣಲಾರರೆಂದು ಮಗನು 1907ರಲ್ಲಿ ಬರೆದಿಟ್ಟಿದ್ದಾನೆ.