ಗೆರಾರ್ಡಸ್ ಮರ್ಕೇಟರ್

ಇಂದಿನ ಬೆಲ್ಜಿಯಂ ದೇಶಕ್ಕೆ ಸೇರಿದ ಫ್ಲಾಂಡರ್ಸ್ ಸೀಮೆಯಲ್ಲಿ, ಸ್ಕೆಲ್ಟ್ ನದಿಯ ದಂಡೆಯ ಮೇಲೆ, ರುಪೆಲ್ಮೊಂಡೆ ಎಂಬುದೊಂದು ಚಿಕ್ಕ ಊರು. ಜರ್ಮನ್ ಸೀಮೆಯಿಂದ ಬಂದು ಅಲ್ಲಿ ತಂಗಿದ್ದ ಬಡ ದಂಪತಿಗಳಿಗೆ 1512ನೆಯ ಇಸವಿ ಮಾರ್ಚ್ 5ರಂದು ಒಂದು ಗಂಡುಮಗು ಹುಟ್ಟಿತು. ತಂದೆ ಹ್ಯೂಬರ್ಟ್ ಕ್ರೆಮರ್ ಪಾದರಕ್ಷೆಗಳನ್ನು ಹೊಲಿದು ಸಂಸಾರ ಸಾಗಿಸುತ್ತಿದ್ದನು. ಪಾದ್ರಿಯಾಗಿದ್ದ ಬಂಧು ಗಿಸ್ಬರ್ಟನ ನೆರವು ಇಲ್ಲದಿದ್ದಲ್ಲಿ ಆ ಬಾಲಕನ ವಿದ್ಯಾಭ್ಯಾಸ ನಡೆಯುತ್ತಲೇ ಇರಲಿಲ್ಲ. ಕ್ರೆಮರ್ ಎಂದರೆ ವ್ಯಾಪಾರಿ. ವಿದ್ವಾಂಸರು ತಮ್ಮ ಹೆಸರನ್ನು ಲ್ಯಾಟಿನ್ ಭಾಷೆಗೆ ಮಾರ್ಪಡಿಸಿಕೊಳ್ಳುವುದು ಆ ಕಾಲದ ವಾಡಿಕೆ. ಅದರಂತೆ ಕ್ರೆಮರನ ಮಗನು ಮರ್ಕೇಟರನಾದನು.

1530ರಲ್ಲಿ ಲುವೆನ್ ವಿಶ್ವವಿದ್ಯಾನಿಲಯವನ್ನು ಸೇರಿದ ಮರ್ಕೇಟರನು ಎರಡು ವರ್ಷಗಳಲ್ಲಿ ಪದವಿಯನ್ನು ಪಡೆದನು. ಆದರೆ ಅವನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಜಗತ್ತಿನ ಉತ್ಪತ್ತಿಯನ್ನು ಕುರಿತು ಅರಿಸ್ಟಾಟಲನು ಹೇಳುವುದಕ್ಕೂ ಬೈಬಲ್ ಹೇಳುವುದಕ್ಕೂ ಹೊಂದಿಕೆ ಕಾಣದೆ ಅವನು ಕೆಲಕಾಲ ಲುವೆನ್ ನಗರವನ್ನೇ ಬಿಟ್ಟು ಆಂಟ್‌ವರ್ಪ್ ಮುಂತಾದ ಕಡೆಗಳಲ್ಲಿ ಅಲೆದನು. ಅಂತಹ ಸಂಶಯಗಳನ್ನು ಬಾಯಿಬಿಟ್ಟು ಹೇಳುವುದು ಅಪಾಯಕರವಾಗಿದ್ದ ಕಾಲವದು. ಕೊನೆಗೆ ಹಿಂದಿರುಗಿ ಬಂದು, ಗಣಿತಜ್ಞನಾದ ಗೆಮ್ಮಾ ಫ್ರಿಸಿಯಸನ ಬಳಿ ಗಣಿತವನ್ನೂ ಭೂಗೋಳಶಾಸ್ತ್ರವನ್ನೂ, ಅಕ್ಕಸಾಲಿಗನಾದ ಗ್ಯಾಸ್ಪರ್ ಎಂಬುವನ ಬಳಿ ತಾಮ್ರದ ತಗಡಿನ ಮೇಲೆ ಕೆತ್ತುವ ಕಲೆಯನ್ನೂ ಕಲಿತನು. ಲೆಕ್ಕ ಹಾಕಬಲ್ಲ ತಲೆ, ಕೆತ್ತಬಲ್ಲ ಕೈ, ಇವೆರಡೂ ಒಬ್ಬನಲ್ಲಿಯೇ ಕೂಡುವುದು ಅಪರೂಪ. ಪ್ಯಾಲೆಸ್ಟೈನಿನ ಭೂಪಟ 1537ರಲ್ಲಿಯೂ ಜಗತ್ತಿನ ಭೂಪಟ 1538ರಲ್ಲಿಯೂ ಹೊರಬಂದವು. 1541ರಲ್ಲಿ ಅವನು ಸುಮಾರು 42 ಸೆಂಟಿಮೀಟರ್ ವ್ಯಾಸದ ಭೂಗೋಳವೊಂದನ್ನು ನಿರ್ಮಿಸಿದನು. ಅದರ ಮೇಲೆ ದಿಕ್ಕುಗಳನ್ನು ಸೂಚಿಸುವ ವಕ್ರರೇಖೆಗಳು ಹರಡಿಕೊಂಡಿದ್ದವು. ಮುಂದಿನ ಮಹತ್ಕಾರ್ಯದ ಬೀಜ ಆ ರೇಖೆಗಳಲ್ಲಿಯೇ ಇದ್ದಿತು.

ಅಷ್ಟರಲ್ಲಿ ವಿಪತ್ತು ಬಂದೆರಗಿತು. 1544ರ ಆರಂಭದಲ್ಲಿ ಲುವೆನ್ನಿನ ಹಲವರ ಮೇಲೆ ಮತದ್ರೋಹದ ಆಪಾದನೆ ಹೊರಿಸಲಾಯಿತು. ಆ ಪಟ್ಟಿಯಲ್ಲಿ ಮರ್ಕೇಟರನ ಹೆಸರೂ ಇದ್ದಿತು. ಆಗ ಅವನು ರುಪೆಲ್ಮೊಂಡೆಗೆ ಹೋಗಿದ್ದುದರಿಂದ, ತಲೆಮರೆಸಿಕೊಂಡು ಓಡಿಹೋದನೆಂಬ ಅನುಮಾನವೂ ಸೇರಿಕೊಂಡಿತು. ಹುಟ್ಟಿದ ಊರಿನ ಕೋಟೆಯೇ ಅವನಿಗೆ ಸೆರೆಮನೆಯಾಯಿತು. ಜೊತೆಯಲ್ಲಿ ಆಪಾದಿತರಾದವರಲ್ಲಿ ಕೆಲವರನ್ನು ಕೊಲ್ಲಿಸಲಾಯಿತು. ಮನೆಯಲ್ಲಿ ಹೆಂಡತಿ ಬಾರ್ಬರಾ ಮತ್ತು ಚಿಕ್ಕ ಮಕ್ಕಳು. ವಿಶ್ವವಿದ್ಯಾನಿಲಯದವರೂ ಊರಿನ ಪಾದ್ರಿಯೂ ಅವನ ಪರವಾಗಿ ನಿಂತರು. ಸಾಕ್ಷ್ಯ ದೊರೆಯದ ಕಾರಣ ಸುಮಾರು ಏಳು ತಿಂಗಳ ತರುವಾಯ ಅವನಿಗೆ ಬಿಡುಗಡೆಯಾಯಿತು. 1552ರಲ್ಲಿ ಅವನು ಸಂಸಾರಸಮೇತನಾಗಿ ಜರ್ಮನ್ ಸೀಮೆಯ ಡ್ಯೂಸ್‌ಬರ್ಗ್ ನಗರಕ್ಕೆ ತೆರಳಿದನು. ಅಲ್ಲಿಯ ದೊರೆ ಮತದ ವಿಷಯದಲ್ಲಿ ಸೈರಣೆಯುಳ್ಳವನಾಗಿದ್ದನು. ಉಳಿದ ಆಯುಷ್ಯವೆಲ್ಲ ಮರ್ಕೇಟರನಿಗೆ ಅಲ್ಲಿಯೇ ಕಳೆಯಿತು.

ಆ ಕಾಲದ ನಾವಿಕರನ್ನು ಕಾಡುತ್ತಿದ್ದ ತೊಡಕೊಂದಿತ್ತು. ನಡುಗಡಲಿನಲ್ಲಿ ನಾವಿಕನಿಗೆ ಆಧಾರ ದಿಕ್ಸೂಚಿ. ಮುಳ್ಳಿನೊಡನೆ ಒಂದೇ ಕೋನವನ್ನು ಕಾಯ್ದುಕೊಂಡು ಹಡಗನ್ನು ನಡೆಸುವುದು ಅವನಿಗೆ ಸುಲಭ. ಆದರೆ ಗೋಳದ ಮೇಲೆ ರೇಖಾಂಶಗಳು ಧ್ರುವಗಳ ಕಡೆಗೆ ಸಾಗಿದಂತೆ ಒಂದನ್ನೊಂದು ಸಮೀಪಿಸುತ್ತವೆ. ಅವೆಲ್ಲವನ್ನೂ ಒಂದೇ ಕೋನದಲ್ಲಿ ಓರೆಯಾಗಿ ಕತ್ತರಿಸುತ್ತ ಹೋಗುವ ಮಾರ್ಗವು ಸುರುಳಿಯಂತೆ ಬಳಸಿಕೊಂಡು ಧ್ರುವದತ್ತ ಏರುತ್ತದೆ. ಪೋರ್ಚುಗಲ್ ದೇಶದ ಪೆಡ್ರೊ ನುನೆಸನು ಇದನ್ನು ಮೊದಲೇ ವಿವರಿಸಿದ್ದನು. ಅಂದಿನ ಕಡಲಪಟಗಳ ಮೇಲೆ ಎರಡು ರೇವುಗಳ ನಡುವೆ ನೇರ ಗೆರೆ ಎಳೆದು, ಅದರ ಕೋನವನ್ನೇ ನಂಬಿ ಹೊರಟ ಹಡಗು ಎಣಿಸದ ತೀರವನ್ನು ಮುಟ್ಟುತ್ತಿತ್ತು.

ಆ ಸುರುಳಿಯನ್ನು ಹಾಳೆಯ ಮೇಲೆ ನೇರ ಗೆರೆಯಾಗಿಸುವುದು ಹೇಗೆ? ಮರ್ಕೇಟರನು ರೇಖಾಂಶಗಳನ್ನೆಲ್ಲ ಸಮಾಂತರವಾದ ನೆಟ್ಟಗಿನ ಗೆರೆಗಳನ್ನಾಗಿ ಎಳೆದನು. ಹಾಗೆ ಎಳೆದಾಗ ಪ್ರದೇಶಗಳು ಪೂರ್ವ ಪಶ್ಚಿಮವಾಗಿ ಹಿಗ್ಗುತ್ತವೆ. ಉದಾಹರಣೆಗೆ, 60 ಡಿಗ್ರಿ ಅಕ್ಷಾಂಶದ ವೃತ್ತವು ಸಮಭಾಜಕ ವೃತ್ತದ ಅರ್ಧದಷ್ಟು ಉದ್ದವುಳ್ಳದ್ದು. ಪಟದಲ್ಲಿ ಎರಡೂ ಸಮನಾಗುವುದರಿಂದ ಅಲ್ಲಿಯ ಅಗಲ ಎರಡು ಪಟ್ಟಾಗುತ್ತದೆ. ಅಗಲ ಹಿಗ್ಗಿದಷ್ಟೇ ಪ್ರಮಾಣದಲ್ಲಿ ಉದ್ದವನ್ನೂ ಹಿಗ್ಗಿಸಿದರೆ ಕೋನಗಳು ಕೆಡುವುದಿಲ್ಲ. ಆದುದರಿಂದ ಅವನು ಅಕ್ಷಾಂಶಗಳ ನಡುವಣ ಅಂತರವನ್ನು ಧ್ರುವಗಳ ಕಡೆಗೆ ಹೋದಂತೆ ಹೆಚ್ಚಿಸುತ್ತ ಹೋದನು. 1569ರಲ್ಲಿ 18 ಹಾಳೆಗಳಲ್ಲಿ ಅಚ್ಚಾದ ಈ ಭೂಪಟವು ನಾವಿಕರ ಉಪಯೋಗಕ್ಕಾಗಿ ರಚಿಸಿದ್ದೆಂದು ಅದರ ಶೀರ್ಷಿಕೆಯೇ ತಿಳಿಸುತ್ತದೆ.

ದಿಕ್ಕನ್ನು ಉಳಿಸಿಕೊಳ್ಳಲು ತೆತ್ತ ಬೆಲೆ ಸಾಮಾನ್ಯವಾದುದಲ್ಲ. ಆಫ್ರಿಕ ಖಂಡವು ಗ್ರೀನ್‌ಲೆಂಡಿಗಿಂತ ಸುಮಾರು 14 ಪಟ್ಟು ದೊಡ್ಡದು. ಈ ಪ್ರಕ್ಷೇಪಣದಲ್ಲಿ ಅವೆರಡೂ ಹೆಚ್ಚುಕಡಿಮೆ ಸರಿಸಮವಾಗಿ ಕಾಣುತ್ತವೆ. ಧ್ರುವಗಳನ್ನಂತೂ ಈ ಪಟದಲ್ಲಿ ತೋರಿಸಲು ಸಾಧ್ಯವೇ ಇಲ್ಲ. ಶಾಲೆಯ ಗೋಡೆಯ ಮೇಲೆ ಈ ಪಟವನ್ನು ತೂಗುಹಾಕಿ ದೇಶಗಳ ವಿಸ್ತಾರವನ್ನು ಹೋಲಿಸುವುದು ಬಳಸುವವರ ತಪ್ಪೇ ಹೊರತು, ಹಡಗಿಗಾಗಿ ಪಟ ಬರೆದ ಮರ್ಕೇಟರನ ತಪ್ಪಲ್ಲ. ಅವನ ಸ್ವಂತ ತಪ್ಪುಗಳೂ ಇಲ್ಲದಿಲ್ಲ. ಉತ್ತರ ಧ್ರುವವನ್ನು ಪ್ರತ್ಯೇಕವಾಗಿ ಬರೆದ ಮೂಲೆಯ ಚಿತ್ರದಲ್ಲಿ ಅವನು ಒಂದು ಕರಿಯ ಬಂಡೆಯನ್ನೂ ಅದರ ಸುತ್ತ ನಾಲ್ಕು ಭೂಭಾಗಗಳನ್ನೂ ಕೆತ್ತಿದ್ದಾನೆ. ಅವೆಲ್ಲ ಕೇಳಿದ ಕಥೆಗಳು.

ಅಂತರಗಳನ್ನು ಲೆಕ್ಕ ಹಾಕಿದ ಕ್ರಮವನ್ನು ಅವನು ವಿವರಿಸಿರಲಿಲ್ಲವಾದ್ದರಿಂದ ಈ ಪಟವು ನಾವಿಕರ ಕೈಗೆ ಬೇಗನೆ ಸೇರಲಿಲ್ಲ. 1599ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ರೈಟನು ಅದಕ್ಕೆ ಬೇಕಾದ ಕೋಷ್ಟಕಗಳನ್ನು ಪ್ರಕಟಿಸಿದನು. 1772ರಲ್ಲಿ ಲ್ಯಾಂಬರ್ಟನು ಅದೇ ಪ್ರಕ್ಷೇಪಣವನ್ನು ಅಡ್ಡಲಾಗಿ ತಿರುಗಿಸಿದನು. ಇಂದು ಗಣಕಯಂತ್ರಗಳಲ್ಲಿ ಭೂಪಟಗಳನ್ನು ಒಂದರ ಮೇಲೊಂದು ಜೋಡಿಸುವವರು ಭೂಮಿಯನ್ನು ಆರಾರು ಡಿಗ್ರಿಗಳ 60 ವಲಯಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಈ ಅಡ್ಡ ಪ್ರಕ್ಷೇಪಣವನ್ನೇ ಅನ್ವಯಿಸುತ್ತಾರೆ. ವಲಯದ ನಡುಗೆರೆಗೆ 5,00,000 ಮೀಟರ್ ಎಂಬ ಅಂಕಿಯನ್ನು ಕೊಟ್ಟು, ಅಲ್ಲಿಂದ ಪೂರ್ವ ಪಶ್ಚಿಮಗಳನ್ನು ಎಣಿಸುವುದು ಪದ್ಧತಿ. ಬೆಂಗಳೂರು 43ನೆಯ ವಲಯದಲ್ಲಿದೆ. ಅದರ ಪೂರ್ವಾಂಕ ಸುಮಾರು 7,80,000. ಕೋಲಾರ ಪಟ್ಟಣವಾದರೋ 78ನೆಯ ರೇಖಾಂಶವನ್ನು ದಾಟಿ 44ನೆಯ ವಲಯಕ್ಕೆ ಸೇರಿದ್ದು, ಅದರ ಪೂರ್ವಾಂಕ ಸುಮಾರು 1,90,000. ವಲಯದ ಸಂಖ್ಯೆಯನ್ನು ನಮೂದಿಸಲು ಮರೆತರೆ, ಬೆಂಗಳೂರಿನ ಪೂರ್ವಕ್ಕಿರುವ ಕೋಲಾರ ಪಟದಲ್ಲಿ ನೂರಾರು ಕಿಲೋಮೀಟರ್ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದೊಳಕ್ಕೆ ಹೋಗಿ ಬೀಳುತ್ತದೆ!

ಮರ್ಕೇಟರನು ತನ್ನ ಕೊನೆಯ ವರ್ಷಗಳನ್ನು ಒಂದು ಮಹಾಗ್ರಂಥಕ್ಕೆ ಮುಡಿಪಾಗಿಟ್ಟನು. ಸೃಷ್ಟಿಯ ವೃತ್ತಾಂತದಿಂದ ಮೊದಲುಗೊಂಡು ಎಲ್ಲ ದೇಶಗಳ ಪಟಗಳವರೆಗೆ ಅದರಲ್ಲಿ ಅಡಕವಾಗಬೇಕೆಂಬುದು ಅವನ ಹಂಬಲ. ಯೌವನದಲ್ಲಿ ಕಾಡಿದ ಸಂಶಯಗಳಿಗೆ ಮುಪ್ಪಿನಲ್ಲಿ ಉತ್ತರ ಹುಡುಕುತ್ತಿದ್ದನೆಂದರೂ ಸಲ್ಲುತ್ತದೆ. ಅದಕ್ಕೆ ಅವನು ಅಟ್ಲಾಸ್ ಎಂದು ಹೆಸರಿಟ್ಟನು. ಭೂಪಟಗಳ ಸಂಪುಟಕ್ಕೆ ಆ ಹೆಸರು ಬಂದುದು ಅಂದಿನಿಂದಲೇ. 1586ರಲ್ಲಿ ಬಾರ್ಬರಾ ತೀರಿಕೊಂಡಳು. 1590ರಲ್ಲಿ ಪಾರ್ಶ್ವವಾಯು ಬಡಿದು ಅವನ ಎಡಭಾಗ ಸ್ವಾಧೀನ ತಪ್ಪಿತು. ಆದರೂ ಅವನು ಕೆಲಸವನ್ನು ಕೈಬಿಡಲಿಲ್ಲ. 1594ರ ಡಿಸೆಂಬರ್ 2ರಂದು, 82ನೆಯ ವಯಸ್ಸಿನಲ್ಲಿ, ಡ್ಯೂಸ್‌ಬರ್ಗಿನಲ್ಲಿ ನಿಧನ ಹೊಂದಿದನು. ಗ್ರಂಥ ಇನ್ನೂ ಅಪೂರ್ಣವಾಗಿತ್ತು. ಮಗನಾದ ರುಮೋಲ್ಡನು ಉಳಿದ ಕೆಲಸವನ್ನು ಆದಷ್ಟು ಮಟ್ಟಿಗೆ ಪೂರೈಸಿ 1595ರಲ್ಲಿ ಅದನ್ನು ಪ್ರಕಟಿಸಿದನು.