ಕಲ್ಲಿನೊಳಗಿನ ಬೆಳಕು: ಜೇಮ್ಸ್ ಯಂಗ್

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1811ರಲ್ಲಿ ಬಡಗಿಯೊಬ್ಬನ ಮಗನಾಗಿ ಜನಿಸಿದ ಜೇಮ್ಸ್ ಯಂಗನು ಹಗಲು ತಂದೆಗೆ ನೆರವಾಗುತ್ತ, ಸಂಜೆ ಆಂಡರ್ಸನ್ ವಿದ್ಯಾಲಯದಲ್ಲಿ ಥಾಮಸ್ ಗ್ರಹಾಮನ ರಸಾಯನಶಾಸ್ತ್ರದ ಪಾಠಗಳನ್ನು ಕೇಳಿದನು. ಮುಂದೆ ಆಫ್ರಿಕದ ಸಂಚಾರದಿಂದ ಪ್ರಸಿದ್ಧನಾದ ಡೇವಿಡ್ ಲಿವಿಂಗ್‌ಸ್ಟನ್ನನ ಸ್ನೇಹ ಅವನಿಗೆ ಅಲ್ಲಿಯೇ ಲಭಿಸಿತು.

1847ರಲ್ಲಿ, ಇಂಗ್ಲೆಂಡಿನ ಡರ್ಬಿಷೈರಿನ ಕಲ್ಲಿದ್ದಲು ಗಣಿಯೊಂದರಲ್ಲಿ ಎಣ್ಣೆ ಒಸರುತ್ತಿರುವ ಸುದ್ದಿ ಯಂಗನಿಗೆ ತಲುಪಿತು. ಅದನ್ನು ಶುದ್ಧಿಗೊಳಿಸಿ ದೀಪಕ್ಕೂ ಯಂತ್ರಗಳಿಗೂ ಒದಗುವಂತೆ ಮಾಡಿದನು. ಆದರೆ ಒರತೆ ಬೇಗನೆ ಬತ್ತಿತು. ಭೂಗರ್ಭದ ಕಾವಿನಿಂದ ಕಲ್ಲಿದ್ದಲೇ ಎಣ್ಣೆಯಾಗಿರಬೇಕೆಂಬುದು ಅವನ ಊಹೆ. ಊಹೆಯ ಸರಿತಪ್ಪು ಹೇಗೇ ಇರಲಿ, ಅದು ದಾರಿ ತೋರಿತು. ಕಲ್ಲಿದ್ದಲನ್ನು ಮುಚ್ಚಿದ ಪಾತ್ರೆಯಲ್ಲಿ ಮಂದ ಕಾವಿಗೆ ಒಡ್ಡಿ ಎಣ್ಣೆ ಇಳಿಸುವ ಕ್ರಮಕ್ಕೆ 1850ರಲ್ಲಿ ಪೇಟೆಂಟು ಪಡೆದನು. ಮರುವರ್ಷ ಸ್ಕಾಟ್ಲೆಂಡಿನ ಬಾತ್‌ಗೇಟಿನಲ್ಲಿ ಕಾರ್ಖಾನೆ ಎದ್ದಿತು. ನಾವು ಸೀಮೆಎಣ್ಣೆ ಎನ್ನುವುದನ್ನು ಅಲ್ಲಿಯವರು ಪ್ಯಾರಫಿನ್ ಎಣ್ಣೆ ಎಂದರು.

ಅಲ್ಲಿ ಬಳಸುತ್ತಿದ್ದ ಬೋಗ್‌ಹೆಡ್ ಕಲ್ಲಿದ್ದಲು ಬಹು ಸಮೃದ್ಧವಾದುದು. ಆದರೆ ಅದರ ನಿಕ್ಷೇಪ ಸಣ್ಣದು. 1859ರಲ್ಲಿ ಅಮೆರಿಕದಲ್ಲಿ ಬಾವಿ ಕೊರೆದು ಎಣ್ಣೆ ತೆಗೆದರು. 1864ರಲ್ಲಿ ಯಂಗನ ಪೇಟೆಂಟಿನ ಅವಧಿಯೂ ಮುಗಿಯಿತು. ಹೊರಗಿನ ಅಗ್ಗದ ಎಣ್ಣೆಯೆದುರು ನಿಲ್ಲುವುದು ಹೇಗೆ? ಯಂಗನು ವೆಸ್ಟ್ ಕಾಲ್ಡರ್ ಬಳಿ ಹೇರಳವಾಗಿದ್ದ ಶೇಲ್ ಎಂಬ ಜೇಡುಶಿಲೆಯತ್ತ ತಿರುಗಿದನು. ಅದರಲ್ಲಿ ಬೋಗ್‌ಹೆಡ್ಡಿನ ಅರ್ಧದಷ್ಟೂ ಎಣ್ಣೆಯಿಲ್ಲ. ಆದುದರಿಂದ ಪ್ರತಿ ಟನ್ನನ್ನೂ ಕಡಿಮೆ ಖರ್ಚಿನಲ್ಲಿ ಅಗೆಯದೆ ಗತ್ಯಂತರವಿರಲಿಲ್ಲ.

ಕಲ್ಲಿದ್ದಲು ಗಣಿಗಾರರು ಬಹುಕಾಲದಿಂದ ಬಲ್ಲ ವಿಧಾನವೇ ಇಲ್ಲಿಗೂ ಬಂದಿತು. ಅದು ಯಂಗನ ಆವಿಷ್ಕಾರವಲ್ಲ. ಪದರದೊಳಗೆ ಕೋಣೆಗಳಂತೆ ಅಗೆಯುತ್ತ, ನಡುನಡುವೆ ಶಿಲೆಯನ್ನೇ ಕಂಬಗಳಾಗಿ ಉಳಿಸುತ್ತಿದ್ದರು. ಚಾವಣಿಯ ಭಾರವನ್ನು ಅವು ಹೊರುತ್ತಿದ್ದುದರಿಂದ ಆಸರೆಯ ವೆಚ್ಚ ತಗ್ಗುತ್ತಿತ್ತು. ಕೊನೆಗೆ ಹಿಂದೆ ಸರಿಯುತ್ತ ಆ ಕಂಬಗಳನ್ನೂ ಕಡಿದು, ಚಾವಣಿಯನ್ನು ಕುಸಿಯಲು ಬಿಡುತ್ತಿದ್ದರು. ಒಡೆಯನಿಗೆ ಅದು ಉಳಿತಾಯ. ಕಂಬ ಕಡಿಯುವವನಿಗೆ ಪ್ರಾಣದ ಪ್ರಶ್ನೆ. ಮನೆಮನೆಯ ದೀಪದ ಬೆಲೆಯಲ್ಲಿ ಈ ಲೆಕ್ಕ ಕಾಣುತ್ತಿರಲಿಲ್ಲ.

ಅಡೀವೆಲ್ಲಿನ ಹೊಸ ಕಾರ್ಖಾನೆಗೆ ಲಿವಿಂಗ್‌ಸ್ಟನ್ನನೇ ಅಡಿಗಲ್ಲಿಟ್ಟನು. 1866ರಲ್ಲಿ ಯಂಗನು ಉದ್ಯಮವನ್ನು ಕಂಪನಿಯೊಂದಕ್ಕೆ ಮಾರಿದನು. ಗೆಳೆಯನ ಸಂಚಾರಗಳಿಗೆ ಧಾರಾಳವಾಗಿ ಹಣವಿತ್ತನು. 1873ರಲ್ಲಿ ಲಿವಿಂಗ್‌ಸ್ಟನ್ ಆಫ್ರಿಕದಲ್ಲಿ ತೀರಿಕೊಂಡಾಗ, ಅವನ ದೇಹವನ್ನು ಕಡಲತೀರದವರೆಗೆ ಹೊತ್ತು ತಂದವರ ಮುಂದಾಳುಗಳಾದ ಸೂಸಿ ಮತ್ತು ಚುಮಾ ಎಂಬ ಆಫ್ರಿಕನ್ನರನ್ನು ತನ್ನ ಖರ್ಚಿನಲ್ಲಿ ಬ್ರಿಟನ್ನಿಗೆ ಕರೆಸಿದನು.

ಯಂಗನು 1883ರಲ್ಲಿ ನಿಧನನಾದನು. ಸ್ಕಾಟ್ಲೆಂಡಿನ ಶೇಲ್ ಗಣಿಗಾರಿಕೆ 1962ರವರೆಗೂ ನಡೆಯಿತು. ಎಣ್ಣೆ ತೆಗೆದ ಬಳಿಕ ಸುರಿದ ಶಿಲೆಯ ಕೆಂಪು ದಿಬ್ಬಗಳು ಆ ಬಯಲಿನಲ್ಲಿ ಇಂದಿಗೂ ನಿಂತಿವೆ; ಕೆಲವುಗಳ ಮೇಲೆ ಹುಲ್ಲೂ ಗಿಡಗಳೂ ಬೆಳೆದಿವೆ.