ಮಕ್ಕಳ ಪಾಲಿನ ‘ಮೀಸೆ ಅಮ್ಮ’: ಕೋರ್ಟು ಬಿಟ್ಟು ಶಿಶುವಿಹಾರ ಕಟ್ಟಿದ ವಕೀಲ ಗಿಜುಭಾಯಿ

ಮಗುವಿಗೆ ಮೂರು ತುಂಬೋದ್ರೊಳಗೆ ಕೈಗೆ ಪೆನ್ಸಿಲ್ ಕೊಟ್ಟು ಅಆಇಈ ತಿದ್ದಿಸೋದು, ಬರೀದಿದ್ರೆ ಗದರೋದು ಈಗ ಎಲ್ಲಾ ಊರಲ್ಲೂ ಇರೋದೇ. ಅಂಗನವಾಡಿಗೆ ಕಳಿಸಿದ್ರೆ ಬರೀ ಆಟ ಆಡಿಸಿ ಕಳಿಸ್ತಾರೆ ಅನ್ನೋದು ಹಲವು ಪೋಷಕರ ದೂರು. ಆದರೆ ಆ ವಯಸ್ಸಿಗೆ ಆಟವೇ ಪಾಠ ಅಂತ ನೂರು ವರ್ಷದ ಹಿಂದೆಯೇ ನಮ್ಮ ದೇಶದಲ್ಲಿ ಮಾಡಿ ತೋರಿಸಿದವರು ಗುಜರಾತಿನ ಗಿಜುಭಾಯಿ ಬಧೇಕಾ.

ಅವರ ಪೂರ್ತಿ ಹೆಸರು ಗಿರಿಜಾಶಂಕರ ಭಗವಾನ್‌ಜಿ ಬಧೇಕಾ. ಹುಟ್ಟಿದ್ದು 1885ರ ನವೆಂಬರ್ 15ರಂದು, ಸೌರಾಷ್ಟ್ರದ ಚಿತ್ತಲ್‌ನಲ್ಲಿ. 1907ರಲ್ಲಿ ದುಡಿಮೆ ಹುಡುಕಿಕೊಂಡು ಪೂರ್ವ ಆಫ್ರಿಕಾಕ್ಕೆ ಹೋದರು. ಎರಡು ವರ್ಷಕ್ಕೆ ವಾಪಸ್ ಬಂದು ಮುಂಬೈಯಲ್ಲಿ ಕಾನೂನು ಓದಿದರು. ಆಮೇಲೆ ವಢವಾಣದಲ್ಲಿ ವಕೀಲಿ ಶುರು ಮಾಡಿದರು.

1913ರಲ್ಲಿ ಮಗ ನರೇಂದ್ರ ಹುಟ್ಟಿದ. ಮಗನನ್ನು ಹೇಗೆ ಬೆಳೆಸೋದು, ಹೇಗೆ ಓದಿಸೋದು ಅನ್ನೋ ಯೋಚನೆ ಅವರಿಗೆ ಹತ್ತಿಕೊಂಡಿತು. ಆಗಿನ ಶಾಲೆ ಅಂದ್ರೆ ಬೆತ್ತ, ಬಾಯಿಪಾಠ, ಹೆದರಿಕೆ. ಅದೇ ಹೊತ್ತಿಗೆ ಮೋತಿಭಾಯಿ ಅಮೀನ್ ಎಂಬ ಶಿಕ್ಷಣಪ್ರೇಮಿಯಿಂದ ಇಟಲಿಯ ಮಾರಿಯಾ ಮಾಂಟೆಸ್ಸರಿ ಅವರ ಪದ್ಧತಿ ಬಗ್ಗೆ ಒಂದು ಪುಸ್ತಕ ಕೈಗೆ ಸಿಕ್ಕಿತು. ಓದಿದ ಮೇಲೆ ಅವರ ದಾರಿಯೇ ಬೇರೆಯಾಯ್ತು. 1916ರಲ್ಲಿ ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿಕೊಂಡರು. ಕೋರ್ಟಿನ ಸಂಪಾದನೆ ಬಿಟ್ಟು ಶಾಲೆಯ ಕೆಲಸಕ್ಕೆ ಬರೋದು ಸಂಸಾರಸ್ಥನಿಗೆ ಸಣ್ಣ ಮಾತಲ್ಲ.

ಮೊದಲು ದೊಡ್ಡ ಮಕ್ಕಳ ಜೊತೆ ಕೆಲಸ ಮಾಡಿದರು. ಬುನಾದಿ ಸರಿ ಇಲ್ಲದಿದ್ದರೆ ಮೇಲೆ ಎಷ್ಟು ಕಟ್ಟಿದರೂ ಅಷ್ಟೇ ಅಂತ ಅವರಿಗೆ ಅನ್ನಿಸಿತು. ಹಾಗಾಗಿ 1920ರಲ್ಲಿ ಎರಡೂವರೆಯಿಂದ ಆರು ವರ್ಷದವರಿಗಾಗಿ ಬಾಲಮಂದಿರ ತೆರೆದರು. ಅಲ್ಲಿ ಹೊಡೆತ ಇಲ್ಲ, ಪರೀಕ್ಷೆ ಇಲ್ಲ, ಬಹುಮಾನದ ಆಸೆಯೂ ಇಲ್ಲ. ಹಾಡು, ಕುಣಿತ, ಮಣ್ಣಿನ ಗೊಂಬೆ, ಚಿತ್ರ, ನಾಟಕ, ತೋಟದ ಕೆಲಸ ಇವೇ ಪಾಠ.

ಮಾಂಟೆಸ್ಸರಿ ಹೇಳಿದ್ದನ್ನೆಲ್ಲ ಅವರು ಕಣ್ಣು ಮುಚ್ಚಿ ಒಪ್ಪಲಿಲ್ಲ. ಪುಟ್ಟ ಮಕ್ಕಳಿಗೆ ರಾಜ-ರಾಕ್ಷಸರ ಕಥೆ ಬೇಡ ಅನ್ನೋದು ಆಕೆಯ ನಿಲುವು. ಗಿಜುಭಾಯಿ ಮಾತ್ರ ಕಥೆ ಇಲ್ಲದೆ ಮಗುವಿನ ಮನಸ್ಸು ತೆರೆಯಲ್ಲ ಅಂತ ನಂಬಿದ್ದರು. ಅಜ್ಜಿಯರು ಹೇಳ್ತಿದ್ದ ಜನಪದ ಕಥೆಗಳನ್ನು ಮಕ್ಕಳಿಗೆ ಬೇಕಾದ ಹಾಗೆ ಬರೆದರು. ದಪ್ಪ ಮೀಸೆಯ ಈ ಮನುಷ್ಯನ ಅಕ್ಕರೆ ಕಂಡ ಜನ ಅವರಿಗಿಟ್ಟ ಹೆಸರು ‘ಮೂಛಾಳಿ ಮಾ’, ಅಂದ್ರೆ ಮೀಸೆ ಇರೋ ಅಮ್ಮ.

ಅವರ ‘ದಿವಾಸ್ವಪ್ನ’ ಪುಸ್ತಕದಲ್ಲಿ ಒಬ್ಬ ಮೇಷ್ಟ್ರು ನಾಲ್ಕನೇ ಕ್ಲಾಸನ್ನು ಒಂದು ವರ್ಷ ತನ್ನ ರೀತಿಯಲ್ಲಿ ನಡೆಸಲು ಅಧಿಕಾರಿಯಿಂದ ಒಪ್ಪಿಗೆ ಪಡೀತಾನೆ. ಕಥೆ ಹೇಳೋದು, ಆಟ ಆಡಿಸೋದು ನೋಡಿ ಉಳಿದ ಮೇಷ್ಟ್ರುಗಳು ನಗ್ತಾರೆ. ಆದರೆ ಕ್ಲಾಸಿಗೆ ಬರೋಕೆ ಬೇಸರಪಡ್ತಿದ್ದ ಮಕ್ಕಳೇ ನಿಧಾನಕ್ಕೆ ಕಲಿಕೆಗೆ ಒಗ್ಗಿಕೊಳ್ತಾರೆ.

ಗಿಜುಭಾಯಿ ತೀರಿಕೊಂಡಿದ್ದು 1939ರ ಜೂನ್ 23ರಂದು. ಆಗ ಅವರಿಗಿನ್ನೂ 53 ವರ್ಷ. ಯಾರ ಪುಸ್ತಕದಿಂದ ಅವರ ಬದುಕು ತಿರುಗಿತ್ತೋ ಆ ಮಾಂಟೆಸ್ಸರಿ ಮೊದಲ ಸಲ ಭಾರತಕ್ಕೆ ಬಂದಿದ್ದು ಅದೇ ವರ್ಷದ ಕೊನೆಗೆ.

ಆದರೆ ಕೆಲಸ ನಿಲ್ಲಲಿಲ್ಲ. ಭಾವನಗರದಲ್ಲಿ ಅವರ ಜೊತೆ ದುಡಿದಿದ್ದ ತಾರಾಬಾಯಿ ಮೋಡಕ್, ಮುಂದೆ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಅನುತಾಯಿ ವಾಘ್ ಜೊತೆ ಸೇರಿ ಬಡ ಮಕ್ಕಳಿಗಾಗಿ ಕೆಲಸ ಶುರು ಮಾಡಿದರು. ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯನ್ನೇ ಅವರ ಮನೆ ಅಂಗಳಕ್ಕೆ ಒಯ್ದರು. ಅಂಗನವಾಡಿ ಅನ್ನೋ ಹೆಸರು ಬಂದಿದ್ದು ಆ ಅಂಗಳದಿಂದ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸರ್ಕಾರದ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ.

ಇವತ್ತು ಬೀದಿ ಕೊನೆಯ ಅಂಗನವಾಡಿಯಿಂದ ಕೇಳಿಬರೋ ಹಾಡು, ಕಥೆ, ಚಪ್ಪಾಳೆ ಹಿಂದೆ ಇಷ್ಟೆಲ್ಲಾ ಇದೆ. ಮನೆಗೆ ಬಂದ ಮಗೂನ ಏನು ಬರೆದೆ ಅಂತ ಕೇಳೋ ಮೊದಲು, ಇವತ್ತು ಯಾವ ಕಥೆ ಕೇಳಿದೆ ಅಂತ ಒಂದು ಸಲ ಕೇಳಿ ನೋಡಬಹುದು.